ಮಗಳ ಕಡೆಯ ಹಕ್ಕು: ಇಂಗ್ಲೆಂಡಿನ ಮಧ್ಯಯುಗದ ಅರಸರು ಇತಿಹಾಸದಲ್ಲಿ ಮತ್ತು ರಂಗದ ಮೇಲೆ

1403ರ ಜುಲೈ 21. ವೇಲ್ಸ್ ಗಡಿಗೆ ಹತ್ತಿರದ ಶ್ರೂಸ್‌ಬರಿ ಊರಿನ ಹೊರಗೆ ಇಂಗ್ಲೆಂಡಿನ ರಾಜ ನಾಲ್ಕನೇ ಹೆನ್ರಿಯ ಸೈನ್ಯಕ್ಕೂ ಬಂಡೆದ್ದ ಪರ್ಸಿ ಮನೆತನದ ಸೈನ್ಯಕ್ಕೂ ಕಾಳಗ ನಡೆಯಿತು. ಷೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ ಇದು ಸಮವಯಸ್ಕರಾದ ಇಬ್ಬರು ತರುಣರ ಕತ್ತಿವರಸೆಯಲ್ಲಿ ಮುಗಿಯುತ್ತದೆ. ಒಬ್ಬ ರಾಜನ ಮಗ, ಯುವರಾಜ ಹ್ಯಾಲ್, ಮುಂದೆ ಐದನೇ ಹೆನ್ರಿಯಾಗುವವನು, ಅದುವರೆಗೆ ಹೆಂಡದಂಗಡಿಯಲ್ಲಿ ಕಾಲ ಕಳೆದವನು. ಇನ್ನೊಬ್ಬ ಹೆನ್ರಿ ಪರ್ಸಿ, ಮುನ್ನುಗ್ಗುವ ಸ್ವಭಾವಕ್ಕೆ ಹಾಟ್‌ಸ್ಪರ್ ಎಂದು ಹೆಸರಾದವನು. ಹ್ಯಾಲ್ ಅವನನ್ನು ಕೊಲ್ಲುತ್ತಾನೆ.

ದಾಖಲೆಗಳ ಪ್ರಕಾರ ಆ ದಿನ ಹಾಟ್‌ಸ್ಪರ್‌ಗೆ 39 ವರ್ಷ, ಹ್ಯಾಲ್‌ಗೆ 16. ಹಾಟ್‌ಸ್ಪರ್ ಯುವರಾಜನಿಗಿರಲಿ, ಅವನ ಅಪ್ಪನಿಗಿಂತಲೂ ಮೂರು ವರ್ಷ ದೊಡ್ಡವನು. ಅವನು ಸತ್ತದ್ದು ಯುದ್ಧದ ನಡುವಿನ ಗೊಂದಲದಲ್ಲೇ ಹೊರತು ಹ್ಯಾಲ್‌ನ ಕೈಯಲ್ಲಲ್ಲ. ಹ್ಯಾಲ್ ತಾನೇ ಸಾವಿನ ಅಂಚಿಗೆ ಹೋಗಿದ್ದ. ಬಾಣವೊಂದು ಮುಖಕ್ಕೆ ನಾಟಿ ಸುಮಾರು 6 ಅಂಗುಲ ಒಳಹೊಕ್ಕಿತ್ತು. ಬಾಣದ ಕಡ್ಡಿ ಬಂತು, ಅಲಗು ಒಳಗೇ ಉಳಿಯಿತು. ಜಾನ್ ಬ್ರಾಡ್‌ಮೋರ್ ಎಂಬ ಶಸ್ತ್ರವೈದ್ಯ ಮೊದಲು ಗಾಯದ ಬಾಯಿಯನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಅಗಲಿಸಿದ. ಆಮೇಲೆ ನಡುವೆ ತಿರುಪು ಇರುವ ಸಣ್ಣ ಇಕ್ಕಳವನ್ನು ತಾನೇ ಮಾಡಿ, ಅಲಗಿನ ಟೊಳ್ಳಿನೊಳಗೆ ತೂರಿಸಿ, ತಿರುಪು ಬಿಗಿದು, ಅಲ್ಲಾಡಿಸುತ್ತ ಹೊರತೆಗೆದ. ಗಾಯ ಕೊಳೆಯದಂತೆ ಜೇನುತುಪ್ಪ ಬಳಸಿದ. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ನಾಟಕದಲ್ಲಿ ಇದರ ಗುರುತಾಗಿ ಉಳಿದಿರುವುದು, ರಕ್ತ ಬಹಳ ಸುರಿಯುತ್ತಿದೆ, ಹಿಂದೆ ಸರಿ ಎಂದು ಅಪ್ಪ ಮಗನಿಗೆ ಹೇಳುವ ಮಾತಷ್ಟೇ.

ಹಾಗಾದರೆ ನಾಟಕ ಸುಳ್ಳು ಹೇಳಿತೇ? ಆ ಪ್ರಶ್ನೆಯಿಂದ ಹೆಚ್ಚೇನೂ ಹೊರಡುವುದಿಲ್ಲ. ರಂಗದ ಮೇಲೆ ಯಾವುದು ಬದಲಾಯಿತು, ಏಕೆ ಬದಲಾಯಿತು ಎಂದು ಕೇಳಿದರೆ ದಾರಿ ಕಾಣುತ್ತದೆ. ಇಂಗ್ಲೆಂಡಿನ ಅರಸರನ್ನು ಕುರಿತ ಷೇಕ್ಸ್‌ಪಿಯರನ ಈ ಸರಣಿ ನಾಟಕಗಳಲ್ಲಿ ಅತಿಯಾಗಿ ಬದಲಾಗುವುದು ವಯಸ್ಸು ಮತ್ತು ಕಾಲ. ಬದಲಾಗದೆ ಉಳಿಯುವುದು ಒಂದು ಆಸ್ತಿ ಜಗಳ: ಹಿರಿಯ ಮಗನ ವಂಶ ನಿಂತರೆ ಗದ್ದುಗೆ ಯಾರಿಗೆ? ಎರಡನೆಯವನ ಮಗಳ ಸಂತಾನಕ್ಕೋ, ಮೂರನೆಯವನ ಮಗನಿಗೋ? ವಕೀಲರ ಕಾಗದದಲ್ಲಿ ಇರಬೇಕಾದ ಈ ತಕರಾರನ್ನು ಇಬ್ಬರು ಎದುರುಬದುರು ನಿಂತು ತೀರಿಸುವಂತೆ ಕಾಣಿಸುವುದೇ ನಾಟಕಕಾರನ ಕೆಲಸವಾಗಿತ್ತು. ವಯಸ್ಸುಗಳು ಹಿಗ್ಗಿದ್ದು, ಕುಗ್ಗಿದ್ದು ಅದಕ್ಕಾಗಿ. ಪರ್ಸಿಯ ಮಗ ನನ್ನ ಮಗನಾಗಿದ್ದರೆ ಎಂದು ನಾಟಕದ ಮೊದಲ ದೃಶ್ಯದಲ್ಲೇ ರಾಜ ಹಂಬಲಿಸುತ್ತಾನೆ. ಇಬ್ಬರೂ ಒಂದೇ ಓರಗೆಯವರಾಗದೆ ಆ ಹಂಬಲಕ್ಕೆ ಅರ್ಥವಿರುವುದಿಲ್ಲ.

ಈ ವಂಶಾವಳಿಯನ್ನು ಹಿಡಿಯಲು ಇಂಗ್ಲಿಷಿಗಿಂತ ಕನ್ನಡವೇ ಅನುಕೂಲ. ಇಂಗ್ಲಿಷಿನ ‘ಅಂಕಲ್’, ‘ಕಸಿನ್’ ಎಂಬ ಪದಗಳು ಮುಚ್ಚಿಡುವುದನ್ನು ನಮ್ಮ ಚಿಕ್ಕಪ್ಪ, ಸೋದರತ್ತೆ, ದಾಯಾದಿಗಳು ಬಿಡಿಸಿ ತೋರಿಸುತ್ತವೆ. 1327ರಿಂದ 1377ರವರೆಗೆ ಆಳಿದ ಮೂರನೇ ಎಡ್ವರ್ಡ್‌ಗೆ ದೊಡ್ಡವರಾಗಿ ಬದುಕಿದ ಗಂಡುಮಕ್ಕಳು ಐವರು. ಹಿರಿಯವನು ‘ಕಪ್ಪು ರಾಜಕುಮಾರ’ ಎಂದು ಹೆಸರಾದ ಎಡ್ವರ್ಡ್, 1376ರಲ್ಲಿ ಅಪ್ಪನಿಗಿಂತ ಮೊದಲೇ ತೀರಿಕೊಂಡ. ಎರಡನೆಯವನು ಲಯನೆಲ್, ಮೂರನೆಯವನು ಗಾಂಟ್‌ನ ಜಾನ್, ಅಂದರೆ ಲ್ಯಾಂಕಾಸ್ಟರ್‌ನ ಡ್ಯೂಕ್. ನಾಲ್ಕನೆಯವನು ಲ್ಯಾಂಗ್ಲಿಯ ಎಡ್ಮಂಡ್, ಯಾರ್ಕ್‌ನ ಡ್ಯೂಕ್. ಕಿರಿಯವನು ವುಡ್‌ಸ್ಟಾಕ್‌ನ ಥಾಮಸ್, ಗ್ಲಾಸ್ಟರ್‌ನ ಡ್ಯೂಕ್. ತಾತ ಸತ್ತಾಗ ಪಟ್ಟವೇರಿದ ಎರಡನೇ ರಿಚರ್ಡ್ ಹಿರಿಯವನ ಮಗ, ವಯಸ್ಸು ಹತ್ತು. ಗಾಂಟ್‌ನ ಜಾನ್ ಅವನಿಗೆ ಚಿಕ್ಕಪ್ಪ. ಆ ಚಿಕ್ಕಪ್ಪನ ಮಗ ಹೆನ್ರಿ ಬೋಲಿಂಗ್‌ಬ್ರೋಕ್, ಅಂದರೆ ಮುಂದಿನ ನಾಲ್ಕನೇ ಹೆನ್ರಿ, ದಾಯಾದಿ. ಇಬ್ಬರೂ ಹುಟ್ಟಿದ್ದು 1367ರಲ್ಲೇ.

ರಿಚರ್ಡ್‌ಗೆ ಮಕ್ಕಳಾಗಲಿಲ್ಲ. ಆಗ ಹಕ್ಕು ಎರಡನೆಯವನಾದ ಲಯನೆಲ್‌ನ ಕಡೆಗೆ ತಿರುಗಬೇಕು. ಅವನಿಗಿದ್ದದ್ದು ಒಬ್ಬಳೇ ಮಗಳು, ಫಿಲಿಪ್ಪಾ. ಅವಳನ್ನು ಮಾರ್ಟಿಮರ್ ಮನೆಗೆ ಕೊಟ್ಟಿತ್ತು. ಅವಳ ಮಗ ರೋಜರ್ 1398ರಲ್ಲಿ ಐರ್ಲೆಂಡಿನಲ್ಲಿ ಸತ್ತ. ರೋಜರ್‌ನ ಮಗ ಎಡ್ಮಂಡ್ ಮಾರ್ಟಿಮರ್ 1399ರಲ್ಲಿ ಎಂಟು ವರ್ಷವೂ ತುಂಬದ ಹುಡುಗ. ಮಗಳ ಕಡೆಯಿಂದ ಹಕ್ಕು ಹರಿಯುತ್ತದೆ ಎಂದರೆ ಮುಂದಿನ ರಾಜ ಈ ಹುಡುಗ. ಹರಿಯುವುದಿಲ್ಲ ಎಂದರೆ ಬೋಲಿಂಗ್‌ಬ್ರೋಕ್. ಮುಂದಿನ 86 ವರ್ಷಗಳ ರಕ್ತಪಾತದ ಬೇರು ಬಹುಮಟ್ಟಿಗೆ ಇಲ್ಲಿದೆ.

ಎರಡನೇ ರಿಚರ್ಡ್‌ನ ಪತನದ ಕಥೆಯನ್ನು ಷೇಕ್ಸ್‌ಪಿಯರ್ 1595ರ ಸುಮಾರಿಗೆ ಬರೆದ. ಇತಿಹಾಸಕ್ಕೆ ತಕ್ಕಮಟ್ಟಿಗೆ ಹತ್ತಿರವಿರುವ ನಾಟಕ ಇದು. 1398ರ ಸೆಪ್ಟೆಂಬರಿನಲ್ಲಿ ಕವೆಂಟ್ರಿಯಲ್ಲಿ ಬೋಲಿಂಗ್‌ಬ್ರೋಕ್‌ಗೂ ನಾರ್ಫೋಕ್‌ನ ಡ್ಯೂಕ್ ಥಾಮಸ್ ಮೌಬ್ರೇಗೂ ನಡೆಯಬೇಕಿದ್ದ ದ್ವಂದ್ವವನ್ನು ರಾಜ ಕೊನೇ ಗಳಿಗೆಯಲ್ಲಿ ತಡೆದು ಇಬ್ಬರನ್ನೂ ಗಡೀಪಾರು ಮಾಡಿದ್ದು ನಿಜ. 1399ರ ಫೆಬ್ರವರಿಯಲ್ಲಿ ಗಾಂಟ್‌ನ ಜಾನ್ ಸತ್ತ ಮೇಲೆ ಮಗನಿಗೆ ಬರಬೇಕಾದ ಲ್ಯಾಂಕಾಸ್ಟರ್ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡದ್ದೂ ನಿಜ. ರಾಜ ಮಾಡಿದ ದೊಡ್ಡ ತಪ್ಪು ಇದೇ. ಅಪ್ಪನ ಆಸ್ತಿ ಮಗನಿಗೆ ಎಂಬ ನಿಯಮದಿಂದಲೇ ತಾನೂ ರಾಜನಾಗಿರುವಾಗ ಆ ನಿಯಮವನ್ನೇ ಮುರಿದ. ನಾಟಕದಲ್ಲಿ ಯಾರ್ಕ್ ಡ್ಯೂಕ್ ಅವನಿಗೆ ಹೇಳುವುದೂ ಇದನ್ನೇ. ಇಡೀ ಸರಣಿಯಲ್ಲಿ ಇಷ್ಟು ಸ್ಪಷ್ಟವಾದ ರಾಜನೀತಿಯ ಮಾತು ಇನ್ನೊಂದು ನನಗೆ ಕಂಡಿಲ್ಲ. ರಾಜ ಐರ್ಲೆಂಡಿನಲ್ಲಿದ್ದಾಗ, ಜುಲೈ ಮೊದಲ ವಾರ, ಬೋಲಿಂಗ್‌ಬ್ರೋಕ್ ರೇವನ್ಸ್‌ಪರ್‌ನಲ್ಲಿ ಹಡಗಿನಿಂದಿಳಿದ. ನನ್ನ ಆಸ್ತಿಯಷ್ಟೇ ಸಾಕು ಎಂದವನು ಮೂರು ತಿಂಗಳಲ್ಲಿ ಸಿಂಹಾಸನದ ಮೇಲಿದ್ದ.

ಪದಚ್ಯುತಿಯ ದೃಶ್ಯದಲ್ಲಿ ಮಾತ್ರ ನಾಟಕ ಬೇರೆ ದಾರಿ ಹಿಡಿಯುತ್ತದೆ. ಇತಿಹಾಸದಲ್ಲಿ ರಿಚರ್ಡ್ ಸೆಪ್ಟೆಂಬರ್ 29ರಂದು ಲಂಡನ್ ಟವರಿನೊಳಗೆ ರಾಜತ್ಯಾಗಕ್ಕೆ ಒಪ್ಪಿದ. ಮರುದಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಆ ಪತ್ರವನ್ನೂ 33 ಆರೋಪಗಳನ್ನೂ ಓದಿದರು. ರಿಚರ್ಡ್ ಅಲ್ಲಿರಲಿಲ್ಲ. ಅವನೇ ಹೊಸ ಚಾವಣಿ ಹಾಕಿಸುತ್ತಿದ್ದ ಸಭಾಂಗಣದಲ್ಲಿ ಅವನಿಲ್ಲದೆಯೇ ಅವನ ಆಳ್ವಿಕೆ ಮುಗಿಯಿತು. ನಾಟಕದಲ್ಲಿ ಅವನನ್ನು ಸಭೆಗೆ ಕರೆತರುತ್ತಾರೆ. ಕಿರೀಟದ ಒಂದು ಅಂಚನ್ನು ಅವನು, ಇನ್ನೊಂದನ್ನು ದಾಯಾದಿ ಹಿಡಿದು ನಿಲ್ಲುತ್ತಾರೆ. ಪಟ್ಟಾಭಿಷೇಕದ ವಿಧಿಗಳನ್ನು ಒಂದೊಂದಾಗಿ ಹಿಮ್ಮುಖವಾಗಿ ಮಾಡುತ್ತ ರಾಜ ತನ್ನನ್ನೇ ಕಳಚಿಕೊಳ್ಳುತ್ತಾನೆ: ಅಭಿಷೇಕದ ತೈಲವನ್ನು ಕಣ್ಣೀರಿನಿಂದ ತೊಳೆಯುತ್ತಾನೆ, ಕಿರೀಟ ಕೊಡುತ್ತಾನೆ, ರಾಜದಂಡ ಬಿಡುತ್ತಾನೆ. ಆರೋಪಪಟ್ಟಿ ಓದು ಎಂದರೆ ಕನ್ನಡಿ ತರಿಸಿ, ಮುಖ ನೋಡಿಕೊಂಡು, ಒಡೆದುಹಾಕುತ್ತಾನೆ. ರಾಜನೆಂಬ ಪದವಿಯೂ ಮನುಷ್ಯನ ದೇಹವೂ ಬೇರೆಬೇರೆಯಾಗುವ ಆ ಗಳಿಗೆಯನ್ನು ಓದಿಹೇಳಿದ ಕಾಗದ ತೋರಿಸಲಾರದು.

ಈ ದೃಶ್ಯ ಎಷ್ಟು ಸೂಕ್ಷ್ಮವಾಗಿತ್ತು ಎನ್ನುವುದಕ್ಕೆ ಮುದ್ರಣದ ಇತಿಹಾಸವೇ ಸಾಕ್ಷಿ. 1597ರ ಮೊದಲ ಮುದ್ರಣದಲ್ಲಿ ಸುಮಾರು 160 ಸಾಲುಗಳ ಈ ಭಾಗ ಇಲ್ಲ. ಆಗ ಆಳುತ್ತಿದ್ದ ಎಲಿಜಬೆತ್ ರಾಣಿ ಬದುಕಿರುವವರೆಗೂ ಅದು ಅಚ್ಚಾಗಲಿಲ್ಲ, ಹೊರಬಂದದ್ದು 1608ರಲ್ಲಿ. ರಾಣಿಗೂ ಮಕ್ಕಳಿರಲಿಲ್ಲ, ಉತ್ತರಾಧಿಕಾರಿಯ ಹೆಸರೆತ್ತುವುದೇ ಅಪಾಯವಾಗಿತ್ತು. ಇಂಗ್ಲೆಂಡಿನ ಇತಿಹಾಸದ ಪುಸ್ತಕಗಳನ್ನು ರಾಜಸಭೆಯ ಅನುಮತಿಯಿಲ್ಲದೆ ಅಚ್ಚು ಹಾಕಬಾರದೆಂದು 1599ರ ಜೂನ್‌ನಲ್ಲಿ ಆಜ್ಞೆಯಾಯಿತು. 1601ರ ಫೆಬ್ರವರಿ 7ರಂದು ಎಸೆಕ್ಸ್‌ನ ಅರ್ಲ್‌ನ ಬೆಂಬಲಿಗರು ಷೇಕ್ಸ್‌ಪಿಯರನ ತಂಡದಿಂದ ರಿಚರ್ಡ್‌ನ ಪದಚ್ಯುತಿಯ ನಾಟಕ ಆಡಿಸಿದರು. ಅದು ಹಳೇ ನಾಟಕ, ಜನ ಬರುವುದಿಲ್ಲ ಎಂದು ನಟರು ಹಿಂಜರಿದಾಗ ಮಾಮೂಲಿ ಗಳಿಕೆಯ ಮೇಲೆ 40 ಷಿಲಿಂಗ್ ಹೆಚ್ಚಿಗೆ ಕೊಟ್ಟರು. ಮರುದಿನ ಎಸೆಕ್ಸ್ ದಂಗೆ ಎಬ್ಬಿಸಿದ. ದಂಗೆ ಅಂದೇ ಮುಗಿಯಿತು, 25ರಂದು ಅವನ ತಲೆ ಹೋಯಿತು. ತಂಡದ ಪರವಾಗಿ ಆಗಸ್ಟೀನ್ ಫಿಲಿಪ್ಸ್ ಎಂಬ ನಟ ವಿಚಾರಣೆಗೆ ಹೇಳಿಕೆ ಕೊಟ್ಟ. ನಟರಿಗೆ ಶಿಕ್ಷೆಯಾಗಲಿಲ್ಲ.

ಇದೇ ನಾಟಕದಲ್ಲಿ ರಿಚರ್ಡ್‌ನಿಂದ ಬೀಳ್ಕೊಳ್ಳುವ ರಾಣಿ ಪ್ರೌಢ ಹೆಂಗಸು. ನಿಜವಾದ ಇಸಬೆಲಾಳಿಗೆ 1396ರಲ್ಲಿ ಮದುವೆಯಾದಾಗ ಏಳೂ ತುಂಬಿರಲಿಲ್ಲ, ಗಂಡ ಪಟ್ಟ ಕಳೆದುಕೊಂಡಾಗ ಹತ್ತೂ ತುಂಬಿರಲಿಲ್ಲ. ರಾಜನ ಸಾವೂ ಹಾಗೆಯೇ. ನಾಟಕದಲ್ಲಿ ಕೊಲೆಗಡುಕರೊಡನೆ ಹೋರಾಡಿ ಬೀಳುತ್ತಾನೆ. ಇತಿಹಾಸದಲ್ಲಿ 1400ರ ಆರಂಭದಲ್ಲಿ ಪಾಂಟಿಫ್ರಾಕ್ಟ್ ಕೋಟೆಯಲ್ಲಿ ಸತ್ತ, ಅನ್ನನೀರಿಲ್ಲದೆ ಸತ್ತಿರಬೇಕು. ಉಪವಾಸದ ಸಾವು ರಂಗದ ಮೇಲೆ ಕಾಣುವುದಿಲ್ಲ, ಕತ್ತಿಯ ಸಾವು ಕಾಣುತ್ತದೆ.

ಈಗ ಮಾರ್ಟಿಮರ್ ಹುಡುಗನ ಕಡೆಗೆ ಬರೋಣ. ಓದುಗರು ಎಡವುವುದು ಹೆಚ್ಚಾಗಿ ಇಲ್ಲೇ, ಷೇಕ್ಸ್‌ಪಿಯರನೂ ಎಡವಿದ್ದು ಇಲ್ಲೇ. ಎಡ್ಮಂಡ್ ಮಾರ್ಟಿಮರ್ ಎಂಬ ಹೆಸರಿನವರು ಇಬ್ಬರು. ಒಬ್ಬ ಆ ಹುಡುಗ, ಪಟ್ಟಕ್ಕೆ ಹಕ್ಕುದಾರ. ಇನ್ನೊಬ್ಬ ಹುಡುಗನ ಚಿಕ್ಕಪ್ಪ, 1376ರಲ್ಲಿ ಹುಟ್ಟಿದವನು. 1402ರಲ್ಲಿ ವೇಲ್ಸ್‌ನ ಬಂಡಾಯಗಾರ ಓವೈನ್ ಗ್ಲಿಂಡೂರ್‌ಗೆ ಸೆರೆಸಿಕ್ಕಿ ಅವನ ಮಗಳನ್ನೇ ಮದುವೆಯಾದವನು ಈ ಚಿಕ್ಕಪ್ಪ. ಷೇಕ್ಸ್‌ಪಿಯರ್ ಮುಂದಿಟ್ಟುಕೊಂಡದ್ದು ಹಾಲಿನ್‌ಷೆಡ್‌ನ ಇತಿಹಾಸ ಸಂಗ್ರಹದ 1587ರ ಎರಡನೇ ಆವೃತ್ತಿಯನ್ನು. ಅದರಲ್ಲಿ ಇಬ್ಬರೂ ಒಬ್ಬರಾಗಿದ್ದರು, ನಾಟಕದಲ್ಲೂ ಒಬ್ಬರೇ ಆದರು. ಈ ಬೆರಕೆಯನ್ನು ಹಿಡಿಯಲು ಹಾಟ್‌ಸ್ಪರ್‌ನ ಹೆಂಡತಿಯನ್ನು ನೋಡಿದರೆ ಸಾಕು. ಚರಿತ್ರೆಯಲ್ಲಿ ಅವಳು ಎಲಿಜಬೆತ್ ಮಾರ್ಟಿಮರ್, ಸೆರೆಸಿಕ್ಕವನಿಗೆ ಅಕ್ಕ, ಹುಡುಗನಿಗೆ ಸೋದರತ್ತೆ. ಹಾಗಾಗಿ ಹಾಟ್‌ಸ್ಪರ್ ಒಬ್ಬನಿಗೆ ಭಾವ, ಇನ್ನೊಬ್ಬನಿಗೆ ಮಾವ. ನಾಟಕದಲ್ಲಿ ಅವಳು ಒಂದು ಕಡೆ ಮಾರ್ಟಿಮರ್‌ನನ್ನು ತನ್ನ ಒಡಹುಟ್ಟಿದವನೆನ್ನುತ್ತಾಳೆ. ಇನ್ನೊಂದು ಕಡೆ ಅದೇ ಮಾರ್ಟಿಮರ್ ಅವಳನ್ನು ಅತ್ತೆ ಎನ್ನುತ್ತಾನೆ. ಪಾತ್ರ ಒಂದೇ, ಸಂಬಂಧ ಎರಡು. ಕನ್ನಡಕ್ಕೆ ಅನುವಾದಿಸಲು ಕೂತವರಿಗೆ ಇಲ್ಲಿ ಒಂದು ಪದ ಆರಿಸಲೇಬೇಕಾಗುತ್ತದೆ.

ಹೆಸರಿನ ತೊಡಕು ಬಂದದ್ದರಿಂದ ಬಿರುದುಗಳ ವಿಷಯವನ್ನೂ ಹೇಳಿಬಿಡಬೇಕು. ಯಾರ್ಕ್, ಗ್ಲಾಸ್ಟರ್, ವಾರಿಕ್ ಎಂಬವು ವ್ಯಕ್ತಿಗಳ ಹೆಸರಲ್ಲ, ಸ್ಥಾನಗಳು. ವ್ಯಕ್ತಿ ಸತ್ತರೂ ಬಿರುದು ಮುಂದಿನವನಿಗೆ ಹೋಗುತ್ತದೆ. ಎರಡನೇ ರಿಚರ್ಡ್‌ನ ನಾಟಕದ ಗ್ಲಾಸ್ಟರ್ ಎಂದರೆ 1397ರಲ್ಲಿ ಕ್ಯಾಲೆಯಲ್ಲಿ ಪ್ರಾಣ ಕಳೆದುಕೊಂಡ ಥಾಮಸ್. ಆರನೇ ಹೆನ್ರಿಯ ನಾಟಕಗಳಲ್ಲಿ ಅದು ಹಂಫ್ರಿ, ಐದನೇ ಹೆನ್ರಿಯ ತಮ್ಮ. ಆಮೇಲೆ ಅದೇ ಬಿರುದು ಮೂರನೇ ರಿಚರ್ಡ್‌ನದು. ಆರನೇ ಹೆನ್ರಿಯ ಮೊದಲ ಭಾಗದ ವಾರಿಕ್ 1439ರಲ್ಲಿ ಸತ್ತ ರಿಚರ್ಡ್ ಬೋಷಾಂ. ಮುಂದಿನ ಭಾಗಗಳಲ್ಲಿ ಬರುವವನು ಅವನ ಅಳಿಯ ರಿಚರ್ಡ್ ನೆವಿಲ್. ಇಬ್ಬರೂ ಬೇರೆ ಎಂದು ನಾಟಕ ಎಲ್ಲೂ ಹೇಳುವುದಿಲ್ಲ. ನನಗೆ ಬಹಳ ಇಷ್ಟವಾದ ಕೊಂಡಿ ಯಾರ್ಕ್‌ನದು. ಎರಡನೇ ರಿಚರ್ಡ್‌ನ ನಾಟಕದಲ್ಲಿ ಹೊಸ ರಾಜನ ವಿರುದ್ಧ ಸಂಚು ಹೂಡಿ, ಅಮ್ಮ ಮಂಡಿಯೂರಿ ಬೇಡಿದ ಮೇಲೆ ಪ್ರಾಣ ಉಳಿಸಿಕೊಳ್ಳುವ ತರುಣ ಆಮರ್ಲ್ ನೆನಪಿದ್ದಾನೆಯೇ? ಐದನೇ ಹೆನ್ರಿಯ ನಾಟಕದಲ್ಲಿ ಅಜಿನ್‌ಕೋರ್ಟ್‌ನಲ್ಲಿ ಮುಂಪಡೆಯನ್ನು ಬೇಡಿ ಪಡೆದು ಸಾಯುವ ಯಾರ್ಕ್ ಡ್ಯೂಕ್ ಅವನೇ. ಅಂದು ಅವನನ್ನು ಕ್ಷಮಿಸಿದವನ ಮಗನಿಗಾಗಿ ಸಾಯುತ್ತಾನೆ. ಬಿರುದು ಬದಲಾದ್ದರಿಂದ ಅನೇಕರಿಗೆ ಇದು ತಿಳಿಯುವುದೇ ಇಲ್ಲ. ಓದುವಾಗ ಪ್ರತಿ ಬಿರುದಿನ ಪಕ್ಕ ವ್ಯಕ್ತಿಯ ಹೆಸರನ್ನೂ ಸತ್ತ ವರ್ಷವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ತೀರುತ್ತದೆ.

ಐದನೇ ಹೆನ್ರಿಯ ನಾಟಕ 1599ರದು. ಇದನ್ನೊಂದನ್ನೇ ನೋಡಿದವರಿಗೆ ಅದು ಗೆಲುವಿನ ಕಥೆ. ಹಿಂದಿನವನ್ನು ಓದಿ ಬಂದವರಿಗೆ ಎರಡನೇ ದೃಶ್ಯದಲ್ಲೇ ಹಳೆಯ ತಕರಾರು ಕಾಣುತ್ತದೆ. ಫ್ರಾನ್ಸಿನ ಗದ್ದುಗೆ ತನ್ನದು ಎನ್ನಬಹುದೇ ಎಂದು ರಾಜ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ನನ್ನು ಕೇಳುತ್ತಾನೆ. ಅವನು ಅರವತ್ತಕ್ಕೂ ಹೆಚ್ಚು ಸಾಲು ವಂಶಾವಳಿ ಹೇಳಿ, ಹೆಣ್ಣಿನ ಕಡೆಯಿಂದ ಹಕ್ಕು ಬರುವುದಿಲ್ಲ ಎನ್ನುವ ಸ್ಯಾಲಿಕ್ ಕಾನೂನು ಫ್ರಾನ್ಸಿಗೆ ಸೇರಿದ್ದಲ್ಲ, ನಿಮ್ಮ ಹಕ್ಕು ಸರಿ ಎನ್ನುತ್ತಾನೆ. ಆ ಹಕ್ಕು ಬಂದದ್ದು ಮೂರನೇ ಎಡ್ವರ್ಡ್‌ನ ತಾಯಿ, ಫ್ರಾನ್ಸಿನ ರಾಜಕುಮಾರಿ ಇಸಬೆಲಾಳ ಕಡೆಯಿಂದ. ಈಗ ಯೋಚಿಸಿ. ಹೆಣ್ಣಿನ ಕಡೆಯ ಹಕ್ಕು ಸಲ್ಲುತ್ತದೆ ಎಂದಾದರೆ ಇಂಗ್ಲೆಂಡಿನ ಗದ್ದುಗೆಯೇ ಮಾರ್ಟಿಮರ್‌ನದು, ಫ್ರಾನ್ಸಿನದೂ ಅವನದೇ. ಸಲ್ಲುವುದಿಲ್ಲ ಎಂದಾದರೆ ಹೆನ್ರಿಗೆ ಇಂಗ್ಲೆಂಡ್ ಉಳಿಯುತ್ತದೆ, ಫ್ರಾನ್ಸಿನ ಮಾತೇ ಇಲ್ಲ. ಎರಡನ್ನೂ ಹಿಡಿಯಲು ಅವನಿಗೆ ಯಾವ ತರ್ಕವೂ ಇಲ್ಲ. ಆರ್ಚ್‌ಬಿಷಪ್ ಮಾರ್ಟಿಮರ್ ಹೆಸರೆತ್ತುವುದಿಲ್ಲ.

ಈ ಭಾಷಣ ಹಾಲಿನ್‌ಷೆಡ್‌ನಿಂದ ಹೆಚ್ಚುಕಡಿಮೆ ಹಾಗೆಯೇ ಎತ್ತಿದ್ದು. ಗುರುತು ಬೇಕಿದ್ದರೆ ಲೆಕ್ಕ ನೋಡಿ. ಫಾರಮಂಡ್ ಎಂಬ ರಾಜ ಸತ್ತದ್ದು ಕ್ರಿ.ಶ. 426ರಲ್ಲಿ, ಶಾರ್ಲ್‌ಮೇನ್ ಸ್ಯಾಕ್ಸನರನ್ನು ಗೆದ್ದದ್ದು 805ರಲ್ಲಿ, ನಡುವಿನ ಅಂತರ 421 ವರ್ಷ ಎನ್ನುತ್ತದೆ ನಾಟಕ. ಕಳೆದರೆ ಬರುವುದು 379. ತಪ್ಪು ಮೂಲದಲ್ಲಿತ್ತು, ಲೆಕ್ಕ ನೋಡದೆ ಪದ್ಯಕ್ಕೆ ಬಂತು.

ಅದೇ ನಾಟಕದಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ಮೂವರು ದ್ರೋಹಿಗಳು ಸಿಕ್ಕಿಬೀಳುತ್ತಾರೆ, ಫ್ರೆಂಚರ ಚಿನ್ನಕ್ಕೆ ಆಸೆಪಟ್ಟರೆಂದು. 1415ರ ಈ ಸಂಚಿನ ಗುರಿ ಮಾರ್ಟಿಮರ್‌ನನ್ನು ಪಟ್ಟಕ್ಕೇರಿಸುವುದಾಗಿತ್ತು. ಸಂಚನ್ನು ರಾಜನಿಗೆ ತಿಳಿಸಿದವನೂ ಆ ಮಾರ್ಟಿಮರನೇ. ಮೂವರಲ್ಲೊಬ್ಬನಾದ ಕೇಂಬ್ರಿಜ್‌ನ ಅರ್ಲ್ ಮದುವೆಯಾಗಿದ್ದದ್ದು ಮಾರ್ಟಿಮರ್‌ನ ಅಕ್ಕ ಆನ್‌ಳನ್ನು. ನಾಟಕದಲ್ಲಿ ಅವನು, ನನ್ನನ್ನು ಸೆಳೆದದ್ದು ಚಿನ್ನವಲ್ಲ ಎಂದು ಒಂದು ಮಾತು ಆಡಿ ಸುಮ್ಮನಾಗುತ್ತಾನೆ. ಆ ಮೌನದೊಳಗೆ ಮುಂದಿನ ನಾಲ್ಕು ನಾಟಕಗಳಿವೆ. ಅವನ ಮಗನೇ ಯಾರ್ಕ್‌ನ ರಿಚರ್ಡ್, ಮೊಮ್ಮಕ್ಕಳೇ ನಾಲ್ಕನೇ ಎಡ್ವರ್ಡ್ ಮತ್ತು ಮೂರನೇ ರಿಚರ್ಡ್.

1415ರ ಅಕ್ಟೋಬರ್ 25ರ ಅಜಿನ್‌ಕೋರ್ಟ್ ಯುದ್ಧವನ್ನು ಗೆಲ್ಲಿಸಿದವರು ಮುಖ್ಯವಾಗಿ ಉದ್ದ ಬಿಲ್ಲಿನ ಬಿಲ್ಲುಗಾರರು. ಇಂಗ್ಲಿಷ್ ಸೈನ್ಯದ ಬಹುಪಾಲು ಅವರೇ ಇದ್ದರು. ಉತ್ತ ಹೊಲದ ಮೇಲೆ ಮಳೆ ಸುರಿದು ಕೆಸರಾಗಿತ್ತು. ಭಾರದ ಕವಚ ತೊಟ್ಟ ಫ್ರೆಂಚರು ಎರಡೂ ಬದಿಯ ಕಾಡಿನ ನಡುವೆ ಇಕ್ಕಟ್ಟಾಗಿ ನುಗ್ಗಿ, ಒಬ್ಬರ ಮೇಲೊಬ್ಬರು ಬಿದ್ದರು. ಬಿಲ್ಲುಗಾರರು ಮುಂದೆ ಚೂಪು ಗೂಟಗಳನ್ನು ನೆಟ್ಟು ಕುದುರೆಗಳನ್ನು ತಡೆದಿದ್ದರು. ಇದರಲ್ಲಿ ಒಂದೂ ನಾಟಕದಲ್ಲಿ ಕಾಣುವುದಿಲ್ಲ. ರಂಗದ ಮೇಲೆ ಬಾಣದ ಮಳೆ ಸುರಿಸಲಾಗದು ಎನ್ನುವುದು ಒಂದು ಕಾರಣ. ಗೆಲುವು ರಾಜನ ಮಾತಿನಿಂದ ಮತ್ತು ದೇವರ ದಯೆಯಿಂದ ಬಂದಂತೆ ಕಾಣಬೇಕು ಎನ್ನುವುದು ಇನ್ನೊಂದು. ಕೊನೆಗೆ ಓದುವ ಪಟ್ಟಿಯಲ್ಲಿ ಸತ್ತ ಫ್ರೆಂಚರು 10,000. ಇಂಗ್ಲಿಷರಲ್ಲಿ ಹೆಸರಿದ್ದವರು ನಾಲ್ವರು, ಉಳಿದವರು 25. ಹಾಲಿನ್‌ಷೆಡ್ ಈ ಸಂಖ್ಯೆ ಕೊಟ್ಟು, ಹೆಚ್ಚು ನಂಬಬಹುದಾದವರು ಐದಾರು ನೂರು ಎನ್ನುತ್ತಾರೆ ಎಂದೂ ಸೇರಿಸಿದ್ದ. ನಾಟಕ ಮೊದಲನೆಯದನ್ನಷ್ಟೇ ತೆಗೆದುಕೊಂಡಿತು.

ಆಮೇಲೆ ಒಂದೇ ನೆಗೆತಕ್ಕೆ ಹೆನ್ರಿಯನ್ನು ಫ್ರಾನ್ಸಿನ ಮುಂದಿನ ರಾಜನೆಂದು ಒಪ್ಪಿದ 1420ರ ಟ್ರ್ವಾ ಒಪ್ಪಂದ ಬರುತ್ತದೆ. ನಡುವಿನ ಐದು ವರ್ಷ, ರುವಾನ್ ನಗರವನ್ನು ತಿಂಗಳುಗಟ್ಟಲೆ ಮುತ್ತಿ ಹಸಿವಿನಿಂದ ಮಣಿಸಿದ್ದು, ಎಲ್ಲವೂ ಸೂತ್ರಧಾರನ ಕೆಲವು ಸಾಲುಗಳಲ್ಲಿ ದಾಟಿಹೋಗುತ್ತದೆ. ತಂಡದಲ್ಲಿ ಇದ್ದ ನಟರೇ ಹದಿನೈದರ ಆಸುಪಾಸು. ಒಬ್ಬೊಬ್ಬರು ಎರಡು ಮೂರು ಪಾತ್ರ ಹಾಕಬೇಕು, ಹೆಣ್ಣುಪಾತ್ರಕ್ಕೆ ಹುಡುಗರು, ಪ್ರದರ್ಶನ ಹಗಲು ಬೆಳಕಿನಲ್ಲಿ, ತೆರೆಯಿಲ್ಲ. ಒಬ್ಬ ನಟನನ್ನು ಸಾವಿರ ಸೈನಿಕರೆಂದು ಎಣಿಸಿಕೊಳ್ಳಿ ಎಂದು ಸೂತ್ರಧಾರ ಮೊದಲೇ ನೋಡುವವರ ನೆರವು ಕೇಳುತ್ತಾನೆ.

ಆರನೇ ಹೆನ್ರಿಯ ಮೂರು ಭಾಗಗಳು ಕಥೆಯ ಕ್ರಮದಲ್ಲಿ ನಂತರದವು, ಬರೆದ ಕ್ರಮದಲ್ಲಿ ಮೊದಲಿನವು. 1590ರ ದಶಕದ ಆರಂಭದಲ್ಲಿ ಬಂದವು. 1623ರ ಸಂಪುಟದಲ್ಲಿ ನಾಟಕಗಳನ್ನು ಅರಸರ ಆಳ್ವಿಕೆಯ ಕ್ರಮದಲ್ಲಿ ಜೋಡಿಸಿದ್ದರಿಂದ ಬರೆದದ್ದೂ ಅದೇ ಕ್ರಮದಲ್ಲಿ ಎಂಬ ಭಾವನೆ ಬೆಳೆಯಿತು. ಮೊದಲ ಸಲ ಓದುವವರು ಇಲ್ಲಿಂದ ಶುರುಮಾಡುವುದು ಬೇಡ. ಎರಡನೇ ರಿಚರ್ಡ್‌ನಿಂದ ಶುರುಮಾಡಿ. ಇಲ್ಲಿ ಕಾಲ ಸಿಕ್ಕಾಪಟ್ಟೆ ಕುಗ್ಗುತ್ತದೆ. 1422ರಲ್ಲಿ ಐದನೇ ಹೆನ್ರಿಯ ಶವಸಂಸ್ಕಾರ ನಡೆಯುತ್ತಿರುವಾಗಲೇ ಪ್ಯಾರಿಸ್, ಓರ್ಲಿಯನ್ಸ್ ಹೋದವು ಎಂದು ದೂತ ಓಡಿಬರುತ್ತಾನೆ. ಪ್ಯಾರಿಸ್ ಕೈತಪ್ಪಿದ್ದು 1436ರಲ್ಲಿ, ಓರ್ಲಿಯನ್ಸ್ ಆ ರಾಜನ ಕೈಗೆ ಬಂದದ್ದೇ ಇಲ್ಲ. ಫ್ರೆಂಚರ ಪರ ಹೋರಾಡಿದ ಜೋನ್ ಆಫ್ ಆರ್ಕ್ ಸುಡಲ್ಪಟ್ಟದ್ದು 1431ರಲ್ಲಿ, ಇಂಗ್ಲಿಷ್ ಸೇನಾನಿ ಟಾಲ್ಬಟ್ ಸತ್ತದ್ದು 1453ರಲ್ಲಿ. ನಾಟಕದಲ್ಲಿ ಟಾಲ್ಬಟ್‌ನ ಹೆಣದ ಮುಂದೆ ಜೋನ್ ನಿಂತು ಮಾತಾಡುತ್ತಾಳೆ. ಮೂವತ್ತು ವರ್ಷದ ಸೋಲು ನಿಧಾನವಾಗಿ ಆದದ್ದು, ಹಣವಿಲ್ಲದೆ, ಒಗ್ಗಟ್ಟಿಲ್ಲದೆ. ಸತ್ತ ರಾಜನ ಶವ ಇನ್ನೂ ಮುಂದಿರುವಾಗಲೇ ಅವನು ಗೆದ್ದದ್ದೆಲ್ಲ ಕರಗಿತು ಎಂದು ತೋರಿಸಿದರೆ ಅದೇ ಅರ್ಥ ಐದು ನಿಮಿಷದಲ್ಲಿ ಎದೆಗೆ ತಟ್ಟುತ್ತದೆ.

ವಯಸ್ಸಿನ ಅದಲುಬದಲು ವಿಚಿತ್ರವಾಗುವುದು, ಮಾರ್ಟಿಮರ್ ಹಕ್ಕನ್ನು ಹಿಡಿದು ಆರನೇ ಹೆನ್ರಿಯ ವಿರುದ್ಧ ನಿಂತ ಯಾರ್ಕ್‌ನ ರಿಚರ್ಡ್‌ನ ಮಕ್ಕಳಲ್ಲಿ. 1455ರ ಮೇ 22ರ ಸೇಂಟ್ ಆಲ್ಬನ್ಸ್ ಕಾಳಗದಲ್ಲಿ ರಿಚರ್ಡ್, ಅಂದರೆ ಮುಂದಿನ ಮೂರನೇ ರಿಚರ್ಡ್, ನಾಟಕದಲ್ಲಿ ಎದುರು ಪಕ್ಷದ ಸಾಮರ್ಸೆಟ್‌ನನ್ನು ಕೊಲ್ಲುತ್ತಾನೆ. ರಿಚರ್ಡ್ ಹುಟ್ಟಿದ್ದು 1452ರ ಅಕ್ಟೋಬರ್ 2ರಂದು, ಆಗ ಅವನು ಎರಡೂವರೆ ವರ್ಷದ ಕೂಸು. 1460ರ ಡಿಸೆಂಬರ್ 30ರಂದು ವೇಕ್‌ಫೀಲ್ಡ್‌ನಲ್ಲಿ ಸತ್ತ ಅವನ ಅಣ್ಣ ರಟ್ಲೆಂಡ್‌ಗೆ 17. ನಾಟಕದಲ್ಲಿ ರಟ್ಲೆಂಡ್ ಗುರುವಿನ ಕೈಹಿಡಿದ ಎಳೆಯ, ರಿಚರ್ಡ್ ಕತ್ತಿ ಬೀಸುವ ಗಂಡಸು. ಅಣ್ಣ ಮಗುವಾದ, ತಮ್ಮ ದೊಡ್ಡವನಾದ. ಒಬ್ಬನಿಂದ ಕರುಣೆ, ಇನ್ನೊಬ್ಬನಿಂದ ಭಯ ಬೇಕಿತ್ತು.

ಆರನೇ ಹೆನ್ರಿಯ ರಾಣಿ ಮಾರ್ಗರೆಟ್ ಸೋತು, ಒತ್ತೆಹಣ ಸಂದಾಯವಾದ ಮೇಲೆ ಫ್ರಾನ್ಸಿಗೆ ಹೋಗಿ, 1482ರ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡಳು. ಮೂರನೇ ರಿಚರ್ಡ್‌ನ ನಾಟಕದಲ್ಲಿ 1483ರ ಲಂಡನ್ ಅರಮನೆಯಲ್ಲಿ ಅವಳು ಒಬ್ಬೊಬ್ಬರಿಗೂ ಶಾಪ ಹಾಕುತ್ತಾಳೆ, ಶಾಪಗಳು ಒಂದೊಂದಾಗಿ ಫಲಿಸುತ್ತವೆ. ಕಾಲದ ದೃಷ್ಟಿಯಿಂದ ಅಸಾಧ್ಯ. ಹಳೆಯ ನಾಟಕಗಳ ನೆನಪನ್ನು ಹೊಸ ನಾಟಕದೊಳಗೆ ಹೊತ್ತು ತರಲು ಅವಳಿಗಿಂತ ತಕ್ಕವರು ಯಾರೂ ಇರಲಿಲ್ಲ. ಪ್ರದರ್ಶನವನ್ನು ಚಿಕ್ಕದು ಮಾಡಲು ಈ ಪಾತ್ರವನ್ನು ತೆಗೆಯುವ ತಂಡಗಳಿವೆ. ತೆಗೆದರೆ ರಿಚರ್ಡ್ ಒಬ್ಬ ಕೆಟ್ಟವನಷ್ಟೇ ಆಗುತ್ತಾನೆ, ಹಳೆಯ ಸಾಲದ ವಸೂಲಿಯಾಗಿ ಬಂದವನು ಎನ್ನುವುದು ಹೋಗುತ್ತದೆ.

ಗದ್ದುಗೆ ಯಾರಿಗೆ ಎಂಬ ಇದೇ ಪ್ರಶ್ನೆ ಜಾನ್ ರಾಜನ ನಾಟಕದಲ್ಲೂ ಇದೆ, ಕಥೆ ಇನ್ನೂರು ವರ್ಷ ಹಳೆಯದು. ಅಣ್ಣ ಸತ್ತ ಮೇಲೆ ಗದ್ದುಗೆ ತಮ್ಮ ಜಾನ್‌ಗೋ, ನಡುವಿನ ಅಣ್ಣನ ಮಗ ಆರ್ಥರ್‌ಗೋ? 1203ರಲ್ಲಿ ಕಾಣೆಯಾದಾಗ 16ರ ಹರೆಯದಲ್ಲಿದ್ದ ಆರ್ಥರ್ ನಾಟಕದಲ್ಲಿ ಎಳೆಯ ಹುಡುಗ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾಕಾರ್ಟದ ಸುಳಿವೇ ಇಲ್ಲ. ಇಂದಿನವರಿಗೆ ಜಾನ್ ಎಂದರೆ ಅದೇ ಒಪ್ಪಂದ. ಆಗಿನ ಪ್ರೇಕ್ಷಕರಿಗೆ ಜಾನ್ ಎಂದರೆ ಪೋಪ್‌ನನ್ನು ಎದುರಿಸಿದ ರಾಜ ಮತ್ತು ಅಣ್ಣನ ಮಗನ ಹಕ್ಕು ಕಸಿದ ಚಿಕ್ಕಪ್ಪ.

ಕೊನೆಗೆ ಮೂರನೇ ರಿಚರ್ಡ್. ಬೆನ್ನು ಗೂನು, ಕೈ ಒಣಗಿದ್ದು ಎಂಬ ಚಿತ್ರ ನಾಟಕಕ್ಕೆ ಬಂದದ್ದು ಥಾಮಸ್ ಮೋರ್‌ನ ಬರಹದಿಂದ. 1485ರ ಆಗಸ್ಟ್ 22ರಂದು ರಿಚರ್ಡ್ ಬಾಸ್‌ವರ್ತ್‌ನಲ್ಲಿ ಸತ್ತಾಗ ಮೋರ್ ಚಿಕ್ಕ ಹುಡುಗ. ಮುಂದೆ ಅವನು ಬೆಳೆದದ್ದು ರಿಚರ್ಡ್‌ನ ವೈರಿಯಾಗಿದ್ದ ಜಾನ್ ಮಾರ್ಟನ್‌ನ ಮನೆಯಲ್ಲಿ. ಗೆದ್ದ ಏಳನೇ ಹೆನ್ರಿ ಟ್ಯೂಡರ್‌ನ ಹಕ್ಕು ಬಹಳ ದುರ್ಬಲವಾಗಿತ್ತು. ಅದು ಬಂದದ್ದೂ ತಾಯಿ ಮಾರ್ಗರೆಟ್ ಬೋಫರ್ಟ್‌ಳ ಕಡೆಯಿಂದ. ಗಾಂಟ್‌ನ ಜಾನ್‌ಗೆ ಮದುವೆಗೆ ಮೊದಲು ಹುಟ್ಟಿ, 1397ರಲ್ಲಿ ಸಕ್ರಮಗೊಂಡ ಮಕ್ಕಳ ವಂಶ ಅದು. ಅವರಿಗೆ ಪಟ್ಟದ ಹಕ್ಕಿಲ್ಲ ಎಂದು 1407ರಲ್ಲಿ ನಾಲ್ಕನೇ ಹೆನ್ರಿಯೇ ಸೇರಿಸಿದ್ದ. ಅದಕ್ಕೇ ಏಳನೇ ಹೆನ್ರಿ 1486ರಲ್ಲಿ ಯಾರ್ಕ್ ಮನೆಯ ಎಲಿಜಬೆತ್‌ಳನ್ನು ಮದುವೆಯಾಗಿ, ಲಯನೆಲ್‌ನ ಮಗಳಿಂದ ಹರಿದುಬಂದ ಹಕ್ಕನ್ನೂ ಮನೆಗೆ ತಂದುಕೊಂಡ. ಅವನ ಮೊಮ್ಮಗಳು ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಬರೆದ ನಾಟಕದಲ್ಲಿ ರಿಚರ್ಡ್ ರಾಕ್ಷಸನಾಗದೆ ಬೇರೆ ದಾರಿಯಿರಲಿಲ್ಲ.

2012ರ ಆಗಸ್ಟ್‌ನಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗವೊಂದರಲ್ಲಿ, ಹಿಂದೆ ಫ್ರಾನ್ಸಿಸ್ಕನ್ ಮಠವಿದ್ದ ಕಡೆ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ತಿರುಚಿ ಬಾಗಿತ್ತು. ಹರೆಯದಲ್ಲಿ ಬರುವ ಸ್ಕೋಲಿಯೋಸಿಸ್ ಅದು. ಒಂದು ಭುಜ ಎತ್ತರ ಕಂಡಿರಬಹುದು, ಆದರೆ ಗೂನಿಲ್ಲ. ಎರಡೂ ಕೈ ಸರಿಯಾಗಿದ್ದವು. ಸಾಯುವ ಹೊತ್ತಿನ ಗಾಯಗಳು 11, ಅವುಗಳಲ್ಲಿ 9 ತಲೆಬುರುಡೆಯ ಮೇಲೆ. ಅವನು ಹೋರಾಡುತ್ತಲೇ ಸತ್ತ ಎನ್ನುವುದಕ್ಕೆ ಇದು ಹೊಂದುತ್ತದೆ. ಆ ಒಂದು ವಿಷಯದಲ್ಲಿ ನಾಟಕವೂ ಅವನಿಗೆ ಅನ್ಯಾಯ ಮಾಡಿಲ್ಲ. ಅಲ್ಲಿ ಕುದುರೆಗಾಗಿ ಕೂಗುವುದು ಓಡಿಹೋಗಲಿಕ್ಕಲ್ಲ.

ಮೂಳೆ ಅವನದೇ ಎಂದು ಹೇಳಲು ತಾಯಿಯಿಂದ ಮಾತ್ರವೇ ಮಕ್ಕಳಿಗೆ ಹೋಗುವ ಮೈಟೊಕಾಂಡ್ರಿಯಾ ಡಿಎನ್‌ಎ ನೋಡಿದರು. ರಿಚರ್ಡ್‌ನ ಅಕ್ಕ ಆನ್, ಅವಳ ಮಗಳು, ಆ ಮಗಳ ಮಗಳು ಎಂದು ಹೆಣ್ಣುಮಕ್ಕಳ ಕಡೆಯಿಂದಲೇ ಇಳಿದು ಇಂದಿನವರೆಗೆ ಬಂದ ವಂಶಜರ ಜೊತೆ ಅದು ಹೊಂದಿತು. ಗಂಡು ಕಡೆಯಿಂದಲೂ ನೋಡಿದರು. ಮೂರನೇ ಎಡ್ವರ್ಡ್‌ನಿಂದ ಗಾಂಟ್‌ನ ಜಾನ್ ಮೂಲಕ ಅಪ್ಪನಿಂದ ಮಗನಿಗೆ ಇಳಿದು ಇಂದಿನ ವಂಶಜರಿಗೆ ಬಂದಿರಬೇಕಾದ ವೈ ಕ್ರೋಮೋಸೋಮ್ ರಿಚರ್ಡ್‌ನದರೊಡನೆ ತಾಳೆಯಾಗಬೇಕಿತ್ತು. 2014ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಾಳೆಯಾಗಲಿಲ್ಲ. ವಂಶಾವಳಿಯಲ್ಲಿ ಅಪ್ಪನೆಂದು ಬರೆದ ಹೆಸರು ಎಲ್ಲೋ ಒಂದು ಕಡೆ ಅಪ್ಪನದಲ್ಲ. 2015ರ ಮಾರ್ಚ್ 26ರಂದು ಲೆಸ್ಟರ್ ಕ್ಯಾಥೆಡ್ರಲ್‌ನಲ್ಲಿ ರಿಚರ್ಡ್‌ನನ್ನು ಮತ್ತೆ ಮಣ್ಣು ಮಾಡಿದರು, ಅಕ್ಕನ ಹೆಣ್ಣುಮಕ್ಕಳ ಸಂತತಿ ಕೊಟ್ಟ ಗುರುತಿನ ಮೇಲೆ.